ಇಲಿಯಾಸನ ಮಿಶಿನ್ನೂ ನನ್ನ ಎರಡು ಬೆರಳೂ

ನನ್ನ ಎಡಗಾಲಿನಲ್ಲಿ ಈಗ ಮೂರೇ ಬೆರಳು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಒಂದು ಮಿಶಿನ್ನು ತಿಂದು ಹಾಕಿತು ಅಂತ ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಿಶಿನ್ನು ಅಂದರೆ ಕಬ್ಬಿನ ಗಾಣವಲ್ಲ, ಬತ್ತದ ಗಿರಣಿಯಲ್ಲ. ಶೂ ಒಳಗೆ ಇಟ್ಟುಕೊಳ್ಳುವ, ಕೋಟಿನ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆ. ಬಿಲ್ಲೆಗೆ ಹಲ್ಲು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಕೇಳಿದರೆ ಅದರ ಮುಂದಿನ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಅದು ಊರಿಗೆ ಬೇಡ.

ನನಗೆ ಬಂದ ಕಾಯಿಲೆಯ ಹೆಸರು ಬರೆದು ಯಾರನ್ನೂ ಹೆದರಿಸುವುದಿಲ್ಲ. ಕಾಲಿಗೆ ರಕ್ತ ಹೋಗುವ ದಾರಿ ಕಟ್ಟಿಕೊಳ್ಳುತ್ತಾ ಬರುವ ಕಾಯಿಲೆ, ಅಷ್ಟು ಸಾಕು. ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಪಿರಿಯಾಪಟ್ಟಣದವರು, ಎಚ್.ಡಿ. ಕೋಟೆಯವರು, ನನ್ನಂತೆಯೇ ಚಪ್ಪಲಿ ಬಿಚ್ಚಿ ಕಾಲು ಮುಚ್ಚಿಕೊಂಡು ಕೂತಿರುತ್ತಿದ್ದರು. ಒಬ್ಬರ ಕಾಲನ್ನು ಒಬ್ಬರು ಕದ್ದು ನೋಡುತ್ತಿದ್ದೆವೇ ಹೊರತು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹಾಗೆ ಮನೆಯವರೂ ನಂಬದೆ ಒಂಟಿಯಾಗಿ ಕೂತವರು ಇನ್ನೂ ಇದ್ದಾರು. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಾನು ಕಂಪಲಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಪುಟ್ಟಸ್ವಾಮಿ. ಓಡುವುದು ಬಿಟ್ಟರೆ ನನಗೆ ಇನ್ನೇನೂ ಬರುತ್ತಿರಲಿಲ್ಲ. ಕಾಲೇಜಿನ ರಿಲೇ ತಂಡದಲ್ಲಿ ನಾನು ಮೂರನೆಯವನು, ಇಲಿಯಾಸ್ ಕೊನೆಯವನು. ಅವನೀಗ ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ಶೂ ಅಂಗಡಿ ಇಟ್ಟಿದ್ದಾನೆ. ನಮ್ಮ ಮನೆಯದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ಬ್ಯಾರನ್ನು ಮನೆಗೆ ಅಂಟಿಕೊಂಡೇ ಇದೆ. ಒಲೆಯ ಬೆಂಕಿ ಒಂದೇ ಹದದಲ್ಲಿ ಉರಿಯಬೇಕು, ಕಾಯುವವನು ತೂಕಡಿಸಬಾರದು. ಅದಕ್ಕೇ ನಮ್ಮಲ್ಲಿ ಮೀಸೆ ಮೂಡುವ ಮೊದಲೇ ಹುಡುಗರ ಕೈಗೆ ದೊಡ್ಡವರೇ ಬೀಡಿ ಕೊಡುತ್ತಾರೆ. ನನಗೆ ಕೊಟ್ಟವನು ನಮ್ಮಪ್ಪನೇ. ಮುಂದೆ ಮಕ್ಕಳಿಗೆ ವ್ಯಾಯಾಮ ಹೇಳಿಕೊಟ್ಟು ಸ್ಕೂಲಿನ ಹಿಂದಿನ ಗೋಡೆಯ ಮರೆಯಲ್ಲಿ ನಿಂತು ಸೇದುವ ಮೇಷ್ಟ್ರಾದೆ.

ಮಕ್ಕಳ ಜೊತೆ ಗ್ರೌಂಡು ಸುತ್ತುವಾಗ ಮೊದಲ ಸಲ ಎಡಗಾಲಿನ ಅಂಗಾಲು ಹಿಡಿದುಕೊಂಡಿತು. ನಿಂತರೆ ಬಿಡುತ್ತಿತ್ತು, ಓಡಿದರೆ ಮತ್ತೆ ಹಿಡಿಯುತ್ತಿತ್ತು. ಆಮೇಲಾಮೇಲೆ ನಡೆದರೂ ಹಿಡಿಯತೊಡಗಿತು. ಬೆರಳುಗಳು ಬೇಸಿಗೆಯಲ್ಲೂ ಬಾವಿನೀರಿನಲ್ಲಿ ಅದ್ದಿದಷ್ಟು ತಣ್ಣಗಿರುತ್ತಿದ್ದವು. ವಾಯು ಅಂದರು, ನರ ಅಂದರು, ಎಣ್ಣೆ ತಿಕ್ಕಿದರು. ಅಪ್ಪ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದ. "ಮೈ ಬಗ್ಗುಸ್ದೆ ಸೀಟಿ ಊದ್ಕಂಡು ಸಂಬ್ಳ ಎಣಿಸೋರ್ಗೆ ಬರೋ ರೋಗ ಕಣ್ಲಾ ಇದು. ನಾಕು ದಿನ ಒಲಕ್ಕೆ ಬಾ, ಎಲ್ಲ ಸರಿ ಓಯ್ತದೆ."

ಮೈಸೂರಿನ ಡಾಕ್ಟರು ವಯಸ್ಸಾದವರು. ನನ್ನ ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ಅಷ್ಟು ಹೊತ್ತು ಹುಡುಕಿದರೆಂದರೆ ಅಲ್ಲಿ ಏನೂ ಇಲ್ಲ ಅಂತ ನನಗೂ ಅರ್ಥವಾಯಿತು.

"ಬೀಡಿ ಎಷ್ಟು?" ಅಂದರು.

"ಒಂದೆರಡು ಸಾರ್."

"ಒಂದೆರಡು ಬೀಡಿನೋ, ಒಂದೆರಡು ಕಟ್ಟೋ?"

ನಾನು ಗೋಡೆ ನೋಡಿದೆ. ಅವರು ಕನ್ನಡಕ ತೆಗೆದಿಟ್ಟರು. "ಬೀಡಿ ಬೇಕಾ, ಕಾಲು ಬೇಕಾ? ಎರಡರಲ್ಲಿ ಒಂದು ಹೇಳಿ ಮೇಷ್ಟ್ರೇ. ಎರಡನ್ನೂ ಇಟ್ಟುಕೊಳ್ಳೋಕೆ ನಿಮಗಾಗಲ್ಲ. ಸೇದೋದಷ್ಟೇ ಅಲ್ಲ, ಜಗಿಯೋದು, ಮೂಸೋದು, ಯಾವ ರೂಪದಲ್ಲೂ ಹೊಗೆಸೊಪ್ಪು ನಿಮ್ಮ ಮೈ ಸೇರಬಾರದು. ದಿನಾ ನಡೀರಿ. ನೋವು ಬಂದಾಗ ನಿಲ್ಲಿ, ಹೋದ ಮೇಲೆ ಮತ್ತೆ ನಡೀರಿ. ನೋವು ಎಷ್ಟು ದೂರದಲ್ಲಿ ಹಿಡೀತು ಅಂತ ಪ್ರತಿ ಸಲ ಬಂದು ಹೇಳಿ. ಆ ಜಾಗ ದೂರ ದೂರ ಹೋಗ್ತಾ ಇದ್ರೆ ಕಾಲು ಉಳಿಯುತ್ತೆ. ಹತ್ರ ಹತ್ರ ಬಂದ್ರೆ ನನ್ನ ಕೈಯಲ್ಲೇನೂ ಇಲ್ಲ."

ಮನೆಗೆ ಬಂದು ಹೇಳಿದೆ. ಅಪ್ಪ ಜಗುಲಿಯ ಮೇಲೆ ಕೂತು ಸೊಪ್ಪು ಕಟ್ಟುವ ದಾರ ಬಿಡಿಸುತ್ತಿದ್ದವನು ತಲೆಯನ್ನೇ ಎತ್ತಲಿಲ್ಲ. "ಒಗೆಸೊಪ್ಪಿಂದ ಕಾಲೋಯ್ತದೆ ಅನ್ನಂಗಿದ್ರೆ ಈ ತಾಲೂಕಲ್ಲಿ ಒಬ್ರಿಗೂ ಕಾಲಿರ್ತಿರ್ಲಿಲ್ಲ ಕಣ್ಲಾ. ನೀನು ಕೂತಿರೋ ಜಗುಲಿ ಯಾತುರ್ದು? ನಿನ್ನ ಓದ್ಸಿದ್ದು ಯಾವ್ದು?" ಅಂದ. ಅವನ ಮಾತು ನಿಜವಾಗಿತ್ತು, ಹಾಳಾದ್ದು.

ಬೀಡಿ ಬಿಟ್ಟೆ. ಹೇಗೆ ಬಿಟ್ಟೆ ಅಂತ ಕೇಳಬೇಡಿ. ಬಿಟ್ಟವರಿಗೆ ಗೊತ್ತು, ಬಿಡದವರಿಗೆ ಹೇಳಿ ಪ್ರಯೋಜನವಿಲ್ಲ. ಆದರೆ ಬಿಟ್ಟಿದ್ದೇನೆ ಅಂತ ನಂಬಿಸುವುದು ಬಿಡುವುದಕ್ಕಿಂತ ಕಷ್ಟವಾಯಿತು. ನನ್ನ ಹೆಂಡತಿ ಸುಧಾ ದಿನಾ ಸಂಜೆ ನನ್ನ ಶರ್ಟು ಮೂಸುತ್ತಿದ್ದಳು. ಮೂಸಿ, ಮುಖ ಕಿವುಚಿ, ಬಕೆಟ್ಟಿಗೆ ಎಸೆದು ಹೋಗುತ್ತಿದ್ದಳು. "ಬಿಟ್ಟೆ ಬಿಟ್ಟೆ ಅಂತ ಯಾರ ಕಿವಿ ಮೇಲೆ ಹೂ ಇಡ್ತೀರಿ?" ಬ್ಯಾರನ್ನಿನ ಪಕ್ಕದ ತಂತಿಯಲ್ಲಿ ಒಣಗಿದ ಶರ್ಟಿನಿಂದ ಮಲ್ಲಿಗೆ ವಾಸನೆ ಬರುತ್ತದಾ? ಅವಳ ಸೆರಗೂ ಅದೇ ವಾಸನೆ, ಮಗಳು ಆಶಾಳ ಸ್ಕೂಲ್ ಬ್ಯಾಗೂ ಅದೇ ವಾಸನೆ. ಅದನ್ನು ಹೇಳಿದರೆ ಕಳ್ಳನಿಗೊಂದು ಪಿಳ್ಳೆ ನೆವ ಅಂದಳು. ನಡೆಯಲು ಹೊರಟರೆ ಬೀಡಿ ಸೇದಲು ಹೊರಟೆನೆಂದೇ ಲೆಕ್ಕ.

ಇದನ್ನೆಲ್ಲ ಇಲಿಯಾಸನ ಅಂಗಡಿಯಲ್ಲಿ ಕೂತು ತೋಡಿಕೊಂಡೆ. ಅವನು ಗಲ್ಲಾಪೆಟ್ಟಿಗೆಯಿಂದ ಒಂದು ಪುಟ್ಟ ಡಬ್ಬಿ ತೆಗೆದ. ಗಲ್ಫಿನಲ್ಲಿದ್ದ ಅವನ ಚಿಕ್ಕಪ್ಪನ ಮಗ ತಂದುಕೊಟ್ಟದ್ದಂತೆ. ಬಿಲ್ಲೆ ಶೂ ಒಳಗೆ, ಅದರ ಪಟ್ಟಿ ಕೈಗೆ. ನಡೆದಷ್ಟು ದೂರ ಪಟ್ಟಿಯ ಮೇಲೆ ಅಂಕಿಯಾಗಿ ಬರುತ್ತದೆ.

"ತಗೊಂಡೋಗಲೇ. ಮನುಷ್ಯರ ಮಾತು ನಂಬದಿದ್ರೆ ಮಿಶಿನ್ ಮಾತಾದ್ರೂ ನಂಬ್ತಾರೆ," ಅಂದ.

ಒಂದೇ ತೊಡಕು. ಬಿಲ್ಲೆ ಇಡಲು ಅಟ್ಟೆಯಲ್ಲೇ ಕುಳಿ ಇರುವ ಶೂ ಬೇಕು, ಅದನ್ನು ಮಿಶಿನ್ನು ಮಾಡಿದ ಕಂಪನಿಯವನೇ ಮಾಡುತ್ತಾನೆ. ಹುಣಸೂರಿನಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೂ ನನಗೆ ಬೇಡವಾಗಿತ್ತು. ನೋಯುವ ಪಾದದ ಅಳತೆಗೆ ಹಿಗ್ಗಿ ಕುಗ್ಗಿ ಹದವಾಗಿದ್ದದ್ದು ನನ್ನ ಹಳೇ ಓಟದ ಶೂ ಮಾತ್ರ. ಹಾಗಾಗಿ ಮಿಶಿನ್ನನ್ನೇ ಶೂಗೆ ಒಗ್ಗಿಸಬೇಕಾಯಿತು. ಮೊದಲು ಸೊಪ್ಪು ಕಟ್ಟುವ ದಾರದಲ್ಲಿ ಅದನ್ನು ಲೇಸಿಗೆ ಕಟ್ಟಿದೆ. ಹೆಜ್ಜೆ ಹೆಜ್ಜೆಗೂ ಕುಣಿದು, ಬಾವಿಕಟ್ಟೆಗೆ ಹೋಗಿ ಬಂದರೆ ಕೆ.ಆರ್. ನಗರಕ್ಕೆ ಹೋಗಿ ಬಂದೆ ಅಂತ ಲೆಕ್ಕ ತೋರಿಸಿತು. ಇಲಿಯಾಸ್ ರಬ್ಬರ್ ಬ್ಯಾಂಡು ಹಾಕಿ ನೋಡಿದ, ಅದು ದಾರಿಯಲ್ಲೇ ಕಿತ್ತುಹೋಯಿತು. ಕಡೆಗೆ ಒಳಗಿನ ಮೆತ್ತೆ ಎತ್ತಿ, ಅಟ್ಟೆಯಲ್ಲಿ ನಾವೇ ಕುಳಿ ಕೊರೆಯುವುದೆಂದು ತೀರ್ಮಾನವಾಯಿತು.

"ಬಲಗಾಲಿಗೆ ಆಕೋ. ಅದು ಗಟ್ಟಿ ಕಾಲು," ಅಂದ ಇಲಿಯಾಸ್.

"ನೋವು ಎಡಗಾಲಿಂದು, ಸಾಕ್ಷಿ ಬಲಗಾಲು ಹೇಳುತ್ತಾ? ಡಬ್ಬಿ ಮೇಲೂ ಎಡಗಾಲೇ ಬರೆದವ್ರೆ. ಎಡಕ್ಕೇ ಕೊರಿ," ಅಂದೆ.

ಅವನು ತಲೆಯಾಡಿಸಿ ಕೊರೆದ. ಬಿಲ್ಲೆ ಅಳತೆ ತೆಗೆದಂತೆ ಕೂತಿತು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಅಷ್ಟು ಚೆನ್ನಾಗಿದ್ದವು. ಸ್ಕೂಲಿನಿಂದ ನಡೆಯಲು ಹೊರಟರೆ ಮೊದಮೊದಲು ಗೇಟು ದಾಟುವ ಮೊದಲೇ ಹಿಡಿಯುತ್ತಿದ್ದ ನೋವು ನಾಲೆಯ ಸೇತುವೆಯವರೆಗೆ ದೂರ ಸರಿಯಿತು. ಆಮೇಲೆ ಸೇತುವೆಯನ್ನೂ ದಾಟಿತು. ಡಾಕ್ಟರಿಗೆ ಪಟ್ಟಿ ತೋರಿಸಿದೆ. ಅವರು ನಕ್ಕು, "ಇದು ನನಗೂ ಒಂದು ಬೇಕಲ್ರೀ" ಅಂದರು. ಸುಧಾಗೂ ತೋರಿಸಿದೆ. "ನಡೆದಿದ್ದು ಗೊತ್ತಾಯ್ತದೆ. ನಿಂತು ಏನ್ ಮಾಡಿದ್ರಿ ಅಂತ ಇದ್ರಲ್ಲಿ ಬರುತ್ತಾ?" ಅಂದಳು. ಹೋಗಲಿ ಬಿಡು ಅಂದುಕೊಂಡೆ. ಇನ್ನು ಕೆಲವು ತಿಂಗಳಿಗೆ ಮಕ್ಕಳ ಜೊತೆ ಒಂದು ಸುತ್ತು ನಿಧಾನವಾಗಿಯಾದರೂ ಓಡಬಹುದು ಅನ್ನುವ ಆಸೆ ಹುಟ್ಟಿತ್ತು.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ನೆನೆದು ನೆನೆದು ನಾವು ಕೊರೆದ ಕುಳಿಯ ಅಂಚು ಸಡಿಲಾಯಿತು. ಬಿಲ್ಲೆ ಅಲ್ಲಿಂದ ಜಾರಿ ಮೆತ್ತೆಯ ಕೆಳಗೇ ಮುಂದಕ್ಕೆ ಸರಿದು ಕಿರುಬೆರಳಿನ ಬುಡಕ್ಕೆ ಹೋಗಿ ಕೂತಿತ್ತು. ಬೇರೆಯವರಾಗಿದ್ದರೆ ಎರಡು ಹೆಜ್ಜೆಗೇ ಶೂ ಬಿಚ್ಚಿ ಕೊಡವುತ್ತಿದ್ದರು. ನನ್ನ ಆ ಬೆರಳುಗಳಿಗೆ ಜೀವವೇ ಸರಿಯಾಗಿರಲಿಲ್ಲ, ಒತ್ತಿದ್ದು ತಿಳಿಯಲೇ ಇಲ್ಲ. ಕಾಲುಚೀಲ ಒಗೆಯಲು ತೆಗೆದುಕೊಂಡ ಅವ್ವನೇ ರಕ್ತ ನೋಡಿದ್ದು.

"ಅಯ್ಯೋ ನನ್ನಪ್ಪನೇ, ಇಷ್ಟು ಕಿತ್ತೋಗದೆ, ಗೊತ್ತಾಗ್ನಿಲ್ವಾ?"

"ಡಾಕ್ಟರಿಗೆ ತೋರಿಸ್ತೀನಿ ಬುಡವ್ವ."

"ಇಷ್ಟಕ್ಕೆಲ್ಲ ಮೈಸೂರ್ಗಂಟ ಓಯ್ತಾರಾ? ಕುಡ್ಲು ತಗಲಿದ್ರೆ, ಮುಳ್ಳು ಚುಚ್ಚಿದ್ರೆ ಈ ಮನೇಲಿ ಯಾರು ಕಟ್ತಿದ್ರು? ಕೊಡಿಲ್ಲಿ ಕಾಲ್ನ."

ಅವ್ವ ದಿನಾ ಸಂಜೆ ಬಿಸಿನೀರಿನಲ್ಲಿ ಗಾಯ ತೊಳೆದು, ಹಳದಿ ಪುಡಿ ತುಂಬಿ, ತನ್ನ ಹಳೇ ಸೀರೆಯ ಬಟ್ಟೆ ಕಟ್ಟುತ್ತಿದ್ದಳು. ನನ್ನ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಊದಿ ಊದಿ ಕಟ್ಟುವಾಗ, ಆ ಮನೆಯಲ್ಲಿ ನನ್ನನ್ನು ನಂಬುವವಳು ಇವಳೊಬ್ಬಳೇ ಅನ್ನಿಸುತ್ತಿತ್ತು. ಇಲಿಯಾಸ್ ಬಿಲ್ಲೆಯನ್ನು ಕಿತ್ತು ತೆಗೆದುಕೊಂಡು ಹೋಗಿ, ಅದಕ್ಕೊಂದು ಚರ್ಮದ ಚೀಲ ಹೊಲಿದು, ಈ ಸಲ ಬಲಗಾಲಿನ ಲೇಸಿಗೆ ಬಿಗಿದುಕೊಟ್ಟ. ಆದರೂ ಗಾಯ ಒಣಗಲಿಲ್ಲ. ಬೆರಳಿನ ತುದಿ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ನೋವು ಸೇತುವೆಯಿಂದ ಗೇಟಿಗೆ ಬಂತು, ಗೇಟಿನಿಂದ ಜಗುಲಿಗೆ ಬಂತು. ಕಡೆಗೆ ಮಲಗಿದರೂ ಬಿಡದಾಯಿತು. ಪಟ್ಟಿಯ ಮೇಲಿನ ಅಂಕಿಗಳನ್ನು ನೋಡುವುದನ್ನೇ ಬಿಟ್ಟೆ.

ಆಸ್ಪತ್ರೆಗೆ ಸುಧಾಳ ಜೊತೆ ಹೋದೆ. ಗಾಯ ನೋಡಿ ಡಾಕ್ಟರ ಮುಖ ಕಲ್ಲಾಯಿತು. "ಮತ್ತೆ ಶುರು ಮಾಡಿದ್ದೀರಿ," ಅಂದರು.

"ಇಲ್ಲ ಸಾರ್. ಮಗಳಾಣೆ."

"ಮಗಳನ್ನ ಯಾಕೆ ಎಳೀತೀರಿ? ಬಿಟ್ಟವರ ಕಾಲು ಹೀಗಾಗಲ್ಲ ಮೇಷ್ಟ್ರೇ."

ಸುಧಾ ಸೆರಗು ಬಾಯಿಗೆ ಒತ್ತಿಕೊಂಡು, "ನಂಗೊತ್ತಿತ್ತು ಡಾಕ್ಟ್ರೇ. ನಂಗೆ ಮೊದಲಿಂದ್ಲೂ ಗೊತ್ತಿತ್ತು," ಅಂದಳು. ಇಪ್ಪತ್ತು ಜನ ಕೂತ ಬೆಂಚಿನ ಮುಂದೆ ಕುಂಟಿಕೊಂಡು ಹೊರಗೆ ಬಂದೆ. ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೀಡಿ ಕಟ್ಟು ಕೊಂಡು, ಕಳ್ಳ ಅನ್ನಿಸಿಕೊಂಡ ಮೇಲೆ ಕದ್ದರೇನು ತಪ್ಪು ಅಂತ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದೆ. ಸೇದಲಿಲ್ಲ. ಆದರೆ ಸೇದಲಿಲ್ಲ ಅಂತ ಹೇಳಿದ್ದರೆ ಯಾರು ನಂಬುತ್ತಿದ್ದರು?

ಮುಂದಿನ ಸಲ ಸುಧಾ ಬರುವುದಿಲ್ಲ ಅಂದಳು. ಅವ್ವ ಬಂದಳು. ನರ್ಸಮ್ಮ ಬಟ್ಟೆ ಬಿಚ್ಚುತ್ತಿದ್ದರು. ಡಾಕ್ಟರು ಬಗ್ಗಿದವರು ತಟ್ಟನೆ ನಿಂತರು. ಬಿಚ್ಚಿದ ಬಟ್ಟೆಯನ್ನು ಚಿಮಟದಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಇದೇನು? ಅರಿಸಿನ ಅಲ್ವಲ್ಲ ಇದು?"

ಅವ್ವ ಮುಂದೆ ಬಂದಳು. ಅವಳ ಮುಖದಲ್ಲಿ ಅಂಜಿಕೆ ಇರಲಿಲ್ಲ. ಹೆಮ್ಮೆಯೇ ಇತ್ತು. "ಅರಿಸಿಣಾನೂ ಅದೆ ಸ್ವಾಮಿ, ಸೊಪ್ಪಿನ ಪುಡೀನೂ ಅದೆ. ನಾನೇ ಕುಟ್ಟಿ ಜರಡಿ ಇಡ್ದು ಆಕಿದ್ದು. ರಕ್ತ ನಿಂತೋಯ್ತದೆ, ನಂಜಾಗಕಿಲ್ಲ. ಅಂಗ್ಡೀದಲ್ಲ, ನಮ್ಮನೇ ಸೊಪ್ಪು. ಬ್ಯಾರನ್ನಲ್ಲಿ ಒಳ್ಳೆ ಚಿನ್ನದ ಬಣ್ಣ ಬಂದಿರೋ ಎಲೇನೇ ಆರ್ಸಿ ತಂದಿದ್ದು."

ಡಾಕ್ಟರು ಬೀಡಿ ಬೇಡ ಅಂದಿದ್ದರು, ಜಗಿಯುವುದು ಬೇಡ ಅಂದಿದ್ದರು. ಅವ್ವನಿಗೆ ಅದೆಲ್ಲ ಕೆಟ್ಟ ಚಟ, ಸೊಪ್ಪು ಬೇರೆ. ಸೊಪ್ಪು ಅಂದರೆ ಬೆಳೆ, ಮನೆ ಕಟ್ಟಿದ ಲಕ್ಷ್ಮಿ. ತನ್ನ ಮಗನ ಕಾಲಿಗೆ ಮನೆಯ ಲಕ್ಷ್ಮಿಯಲ್ಲೇ ಮೇಲಾದ ಎಲೆಯನ್ನು ಆರಿಸಿ ಹಾಕಿದ್ದಳು. ಅರಿಸಿನದ ಬಣ್ಣವೂ ಹದಗೊಂಡ ಸೊಪ್ಪಿನ ಬಣ್ಣವೂ ಒಂದೇ, ಆ ವಾಸನೆಯಂತೂ ನಮ್ಮ ಮನೆಯಲ್ಲಿ ಅನ್ನಕ್ಕೂ ಇರುತ್ತದೆ. ಹೊಗೆಸೊಪ್ಪಿನ ಊರಲ್ಲಿ ಹುಟ್ಟಿದ ಮೂಗಿಗೆ ಅದು ಹೇಗೆ ತಿಳಿಯಬೇಕು?

ಡಾಕ್ಟರು ಅವ್ವನನ್ನು ಬೈಯಲಿಲ್ಲ. "ತಾಯಿ, ಇನ್ನು ಮೇಲೆ ಇದನ್ನ ಹಾಕಬೇಡಿ, ಇದು ಇವರ ಕಾಲಿಗೆ ವಿಷ. ಸ್ವಲ್ಪ ಹೊರಗೆ ಕೂತಿರಿ," ಅಂದರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಾತು ನಂಬಬೇಕಿತ್ತು. ತಪ್ಪಾಯ್ತು," ಅಂದರು. ಇಡೀ ಕಾಯಿಲೆಯಲ್ಲಿ ನನಗೆ ತಪ್ಪಾಯಿತು ಅಂದವರು ಅವರೊಬ್ಬರೇ. ಬಿಲ್ಲೆಯಿಂದಾದ ಗಾಯ ಅಷ್ಟೇ ಆಗಿದ್ದರೆ ಒಣಗುತ್ತಿತ್ತು, ಇಷ್ಟು ವರ್ಷದ ಬೀಡಿಯ ಮೇಲೆ ಈ ಪುಡಿಯೂ ಬಿದ್ದು ಕೈಮೀರಿತು ಅಂದರು. ಪಾದ ಉಳಿಯಬೇಕಾದರೆ ಎರಡು ಬೆರಳು ತೆಗೆಯಬೇಕು ಅಂದರು.

ತೆಗೆದರು. ವಾರ್ಡಿನಲ್ಲಿ ಎಚ್ಚರವಾದಾಗ ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಎಷ್ಟೋ ಹೊತ್ತಿನಿಂದ ಕಾದಿದ್ದಳೆಂದು ಕಾಣುತ್ತದೆ. ಬಗ್ಗಿ ಕಿವಿಯ ಹತ್ತಿರ ಬಂದು ಕೇಳಿದಳು. "ಪುಟ್ಟಾ, ನಿಜ ಏಳು. ನಾನಾ ಕಣಪ್ಪ?"

"ಅಲ್ಲ ಕಣವ್ವ. ಆ ಮಿಶಿನ್ನು. ಅದು ಗಾಯ ಮಾಡ್ದೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ," ಅಂದೆ.

ಸುಳ್ಳು ಹೇಳಿದೆ. ನಾಳೆ ಹಾಗೆಯೇ ಕೇಳಿದರೂ ಅದನ್ನೇ ಹೇಳುತ್ತೇನೆ. ನಿಮ್ಮ ಅವ್ವ ನೆಲದ ಮೇಲೆ ಕೂತು ಹಾಗೆ ಕೇಳಿದ್ದರೆ ನೀವೇನು ಹೇಳುತ್ತಿದ್ದಿರಿ?

ಆದರೆ ಆ ಮಾತನ್ನು ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅವನಿಗೆ ಬೇಕಾಗಿದ್ದದ್ದೇ ಅದು. ಸೊಪ್ಪಿನ ಮೇಲಿದ್ದ ಮಾತು ಮಿಶಿನ್ನಿನ ಮೇಲೆ ಹೋಯಿತಲ್ಲ. ಸಂಜೆ ಇಲಿಯಾಸ್ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. ಮಂಚದ ಹತ್ತಿರ ಬರುವುದಕ್ಕೂ ಬಿಡದೆ ಅಪ್ಪ ಅವನಿಗೆ ಅಡ್ಡ ನಿಂತ. "ಬಂದ್ಯಾ? ನೋಡೋಗು. ನೀನು ತಂದ್ಕೊಟ್ಟ ಮಿಶಿನ್ನು ನನ್ ಮಗನ ಬೆರಳು ತಿಂತು. ಇನ್ನೇನ್ ತಿನ್ನುಸ್ಬೇಕು ಅಂತ ಬಂದಿದ್ದೀಯೆ?"

ಇಲಿಯಾಸ್ ನನ್ನ ಮುಖ ನೋಡಿದ. ನಾನು ಬಾಯಿ ತೆರೆದರೆ ಸತ್ಯ ಹೇಳಬೇಕಿತ್ತು, ಅವ್ವ ಅಲ್ಲೇ ಕೂತಿದ್ದಳು. ಅವನು ಹಣ್ಣಿನ ಚೀಲವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ. ಆಮೇಲೆ ನಮ್ಮೂರಿನ ಕಡೆ ತಲೆ ಹಾಕಲಿಲ್ಲ. ಹಬ್ಬಕ್ಕೆ ಅವನ ಮನೆಯಿಂದ ಬರುತ್ತಿದ್ದ ಶಾವಿಗೆಯೂ ನಿಂತಿತು.

ಅಪ್ಪ ಬಸ್ಸಿನಲ್ಲಿ ಹೇಳಿದ, ಸೊಪ್ಪಿನ ಹರಾಜು ಕಟ್ಟೆಯಲ್ಲಿ ಹೇಳಿದ. ಊರಿಗೆ ಊರೇ ಹಿಡಿದುಕೊಂಡಿತು. ನೋಡಲು ಬಂದವರು ನನ್ನ ಮಂಚದ ಕಾಲಿಗೆ ಒರಗಿ ಬೀಡಿ ಹಚ್ಚಿ, "ಈ ಫಾರಿನ್ ಮಿಶಿನ್ನುಗಳು ನಮ್ಮಂತೋರ್ಗಲ್ಲ ಬುಡಿ ಮೇಷ್ಟ್ರೇ" ಅಂತ ಬುದ್ಧಿ ಹೇಳಿ ಹೋದರು. ಸುಧಾ ಶರ್ಟು ಮೂಸುವುದನ್ನು ನಿಲ್ಲಿಸಿದಳು. ಒಂದು ದಿನ ಊಟಕ್ಕೆ ಕೇಳದೆಯೇ ಹಪ್ಪಳ ಸುಟ್ಟು ತಂದಿಟ್ಟಳು. ಅದನ್ನೇ ನಾನು ಕ್ಷಮೆ ಅಂತ ತಿಳಿದುಕೊಳ್ಳಬೇಕಿತ್ತೋ ಏನೋ.

ಗಾಯ ಒಣಗಿದ ಮೇಲೆ ಹಳೇ ಶೂ ಹಿಡಿದುಕೊಂಡು ಇಲಿಯಾಸನ ಅಂಗಡಿಗೆ ಹೋದೆ. ಅವನು ನನ್ನನ್ನು ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಎಡ ಶೂನಲ್ಲಿ ಬೆರಳಿಲ್ಲದ ಜಾಗಕ್ಕೆ ಮೆತ್ತನೆ ಸ್ಪಂಜು ಕತ್ತರಿಸಿ ತುಂಬಿದ, ಕೊರೆದಿದ್ದ ಕುಳಿಯನ್ನು ಮುಚ್ಚಿದ.

"ಮಿಶಿನ್ನು ಎಸೆದ್ಬುಡು. ನಿಮ್ಮಪ್ಪನಿಗಾದ್ರೂ ಸಮಾಧಾನವಾಗ್ಲಿ," ಅಂದ.

"ಎಸೆಯಲ್ಲ. ಅದೇನು ಮಾಡಿತ್ತು?" ಅಂದೆ.

"ಅದನ್ನ ನೀನು ಆವತ್ತು ಹೇಳ್ಬೇಕಿತ್ತು ಕಣೋ," ಅಂದು ಮುಂದಿನ ಗಿರಾಕಿಯ ಕಡೆ ತಿರುಗಿದ. ಅವ್ವನ ಪುಡಿಯ ಸುದ್ದಿ ಅವನಿಗೆ ಹೇಳಬೇಕೆಂದು ಹೋದವನು ಹೇಳದೆ ಬಂದೆ. ಹೇಳಿದರೆ ಅವನು ಅಪ್ಪನ ಮುಂದೆ ಅಂದುಬಿಡುತ್ತಾನೆ, ಅವ್ವನ ಕಿವಿಗೆ ಬೀಳುತ್ತದೆ ಅನ್ನುವ ಭಯ.

ಮಿಶಿನ್ನಿಗೆ ಕುಂಟುವುದು ಗೊತ್ತಿರಲಿಲ್ಲ. ಎರಡು ಹೆಜ್ಜೆಯೂ ಒಂದೇ ಅಳತೆ ಅಂತ ತಿಳಿದು ತಪ್ಪು ತಪ್ಪು ದೂರ ತೋರಿಸುತ್ತಿತ್ತು. ಸ್ಕೂಲಿನ ಗ್ರೌಂಡಿನಲ್ಲಿ ನಾನೇ ಟೇಪು ಹಿಡಿದು ಸುಣ್ಣದ ಪುಡಿ ಎಳೆದ ಸುತ್ತಿನ ಮೇಲೆ ನಡೆದು, ಇಷ್ಟು ನಡೆದರೆ ಇಷ್ಟು ದೂರ ಅಂತ ಅದನ್ನು ಮತ್ತೆ ಮತ್ತೆ ತಿದ್ದಿದೆ. ಕಡೆಗೆ ಕಲಿಯಿತು. ನನ್ನ ಕುಂಟು ಹೆಜ್ಜೆಯನ್ನು ಇದ್ದ ಹಾಗೆ ಒಪ್ಪಿಕೊಂಡದ್ದು ಅದೊಂದೇ. ನೋವು ಈಗ ಸೇತುವೆಯ ಹತ್ತಿರ ಹಿಡಿಯುತ್ತದೆ, ಅಲ್ಲೇ ನಿಂತಿದೆ. ಪಾದ ಉಳಿದಿದೆ. ಓಟ ಹೋಯಿತು.

ಮರುವರ್ಷ ಸೊಪ್ಪು ಮುರಿಯುವ ಕಾಲ. ಆಶಾ ಜಗುಲಿಯಿಂದ ಹಾರಲು ಹೋಗಿ ಬಿದ್ದು ಮಂಡಿ ತರಚಿಕೊಂಡು ಅಳುತ್ತಾ ಬಂದಳು. ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವ್ವ ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ಊದುತ್ತಿದ್ದಳು. ಇನ್ನೊಂದು ಕೈಯ ಚಿಟಿಕೆಯಲ್ಲಿ ಚಿನ್ನದ ಬಣ್ಣದ ಪುಡಿ ಇತ್ತು.

ಚೊಂಬು ಕೈಯಿಂದ ಬಿತ್ತು. ಓಡಿ ಹೋಗಿ ಅವ್ವನ ಮಣಿಕಟ್ಟು ಹಿಡಿದೆ. ಬೆರಳು ಹೋದ ಮೇಲೆ ನಾನು ಓಡಿದ್ದು ಅದೊಂದೇ ಸಲ.

"ಬ್ಯಾಡ ಕಣವ್ವ!"

"ಯಾಕಪ್ಪ? ನಿನ್ ಕಾಲ್ಗಾಗಿದ್ದು ಮಿಶಿನ್ನಿಂದ ಅಲ್ವಾ? ನೀನೇ ಅಂದಿದ್ದೆ."

ನಾನು ಹಿಡಿದ ಕೈ ಬಿಡಲಿಲ್ಲ. ಅವ್ವ ನನ್ನ ಮುಖ ನೋಡುತ್ತಾ ಇದ್ದಳು. ನೋಡುತ್ತಾ ನೋಡುತ್ತಾ ಅವಳ ಚಿಟಿಕೆ ಸಡಿಲಾಗಿ ಪುಡಿ ನೆಲಕ್ಕೆ ಬಿತ್ತು. ಮಗುವನ್ನು ನನ್ನ ಕಡೆ ಸರಿಸಿ ಎದ್ದು ಹಿತ್ತಲಿನ ತೊಟ್ಟಿಯ ಹತ್ತಿರ ಹೋದಳು. ಅಲ್ಲಿ ಕೈ ತೊಳೆಯುವ ಸದ್ದು ನಿಲ್ಲಲೇ ಇಲ್ಲ. ಸುಧಾ ಹೋಗಿ ಕರೆದುಕೊಂಡು ಬರಬೇಕಾಯಿತು.

ಮಾರನೆಯ ದಿನ ಸ್ಕೂಲಿನಲ್ಲಿದ್ದಾಗ ಇಲಿಯಾಸನ ಫೋನು ಬಂತು. ಎಷ್ಟೋ ತಿಂಗಳ ಮೇಲೆ ಅವನಾಗಿ ಮಾಡಿದ್ದು.

"ಅವ್ವ ಬಂದಿದ್ರು ಕಣೋ ಅಂಗಡಿಗೆ. ಒಬ್ರೇ, ಬಸ್ಸಲ್ಲಿ. ಗಿರಾಕಿಗಳೆಲ್ಲ ಹೋಗೋವರೆಗೂ ಬೆಂಚಿನ ಮೇಲೆ ಕೂತಿದ್ರು. ಆಮೇಲೆ ನನ್ ಎರಡೂ ಕೈ ಹಿಡ್ಕೊಂಡು, 'ನಿನ್ ಮಿಶಿನ್ನಲ್ಲ ಕಣಪ್ಪ, ನಾನು' ಅಂದ್ರು. ಏನ್ಲಾ ಅದು? ಏನ್ ನಡೀತು ಮನೇಲಿ?"

ಅವನಿಗೆ ಎಲ್ಲವನ್ನೂ ಹೇಳಿದೆ. ಈಗ ಅವನ ಅಂಗಡಿಯಲ್ಲಿ ನನಗೆ ಮತ್ತೆ ಟೀ ಬರುತ್ತದೆ. ನಮ್ಮ ಮನೆಗೆ ಮಾತ್ರ ಅವನು ಬರುವುದಿಲ್ಲ, ನಾನೂ ಕರೆಯುವುದಿಲ್ಲ. ಅಪ್ಪ ಈಗಲೂ ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ ಮಿಶಿನ್ನಿನ ಕತೆ ಹೇಳುತ್ತಾನೆ, ಬಂದವರು ಲೊಚಗುಟ್ಟುತ್ತಾರೆ. ಆ ಕತೆ ಶುರುವಾದ ಕೂಡಲೇ ಅವ್ವ ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಾಳೆ.